ಮೂರನೇ ಬಾವಿಯ ಸಾಕ್ಷಿಗಳು

ಡ್ರೈ ಎಲ್ಮ್, ಒಕ್ಲಹೋಮ
ಅಕ್ಟೋಬರ್ 14, 2003

ನನ್ನ ಮಾರ್ಲಾಗೆ, ಅಮ್ಮನ ಮುತ್ತುಗಳು.

ಈಗ ಬರೆಯಲಿರುವುದನ್ನು ನನಗೆ ಮೊದಲು ಹೇಳಿದವನು ಆರ್ವಲ್, ನಿನ್ನ ಅಪ್ಪನ ಜೊತೆ ಮೂವತ್ತು ವರ್ಷ ಎಣ್ಣೆಬಾವಿ ಮುಚ್ಚುವ ಕೆಲಸ ಮಾಡಿದವನು. ಹೇಳಿದ್ದು ಮೊನ್ನೆ ಭಾನುವಾರ, ಚರ್ಚಿನಿಂದ ಬಂದು ನಮ್ಮ ಜಗಲಿಯಲ್ಲಿ ಪೀಕಾನ್ ಕಾಯಿ ಒಡೆಯುತ್ತಾ. ನಿನ್ನ ಚಿಕ್ಕಮ್ಮ ವೀಡಾ ಕೂಡ ಇದ್ದಳು.

ಪ್ರೂಯಿಟ್ ಅವರ ಎಂಬತ್ತು ಎಕರೆ ಕೊಳ್ಳುವ ಮೊದಲು ಕಾಗದಪತ್ರ ನೋಡು ಅಂದಿದ್ದೆಯಲ್ಲ, ನೋಡಿದೆ. ಮೇಲಿನ ಮಣ್ಣು ಮಾತ್ರ ನಿನ್ನದಾಗುತ್ತದೆ. ಒಳಗಿನ ಎಣ್ಣೆ, ಅನಿಲದ ಹಕ್ಕನ್ನು 1926ರಲ್ಲೇ ಮಾರಿದ್ದಾರೆ. ನಾಳೆ ಯಾರೋ ಬಂದು ನಿನ್ನ ಕೋಳಿಗೂಡಿನ ಪಕ್ಕ ಕೊರೆದರೂ ತಡೆಯುವುದು ಕಷ್ಟ. ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ.

ನೀನು ಮನೆ ಕಟ್ಟಬೇಕೆಂದಿರುವ ದಿಬ್ಬದಲ್ಲಿ ಒಂದು ಹಳೆಯ ಬಾವಿಯಿದೆ, ಮೂರನೇ ನಂಬರಿನದು. 1968ರಲ್ಲಿ ತಳದಿಂದ ಬಾಯಿಯವರೆಗೆ ಸಿಮೆಂಟು ತುಂಬಿ ಮುಚ್ಚಿದೆ ಎನ್ನುತ್ತದೆ ದಾಖಲೆ. ಕೆಳಗೆ ವೆಂಡೆಲ್ ಎಂದು ನಿನ್ನ ಅಪ್ಪನ ಸಹಿ. ಕಣ್ಣಾರೆ ಕಂಡೆವೆಂದು ಇಬ್ಬರು ಸಾಕ್ಷಿಗಳ ಸಹಿ. ಒಂದು ಆರ್ವಲ್‌ನದು. ಇನ್ನೊಂದು ಶಾಯಿ ಹರಡಿ ಓದಲಾಗದು.

ನಾನು ಇದನ್ನು ಹೇಳಿದಾಗ ಆರ್ವಲ್ ಕಾಯಿ ಒಡೆಯುವುದನ್ನು ನಿಲ್ಲಿಸಿದ. "ಎಲ್ಲಿಯ ಸಿಮೆಂಟು ಓಲೀಟಾ? ಸೀಡರ್ ಮರದ ಬೊಡ್ಡೆ, ಕಲ್ಲು, ವೆಂಡೆಲ್‌ದೊಂದು ಹರಕು ಬೂಟು, ಇಷ್ಟೇ ಹಾಕಿದ್ದು. ಮೇಲೆ ಒಂದು ಬಕೆಟ್ ಸಿಮೆಂಟು ಸವರಿ ಬಂದ್ವಿ."

"ಭಾವ ಒಂಟಿ ಬೂಟಲ್ಲಿ ಮನೆಗೆ ಬಂದ್ರಾ ಹಾಗಾದ್ರೆ?" ಎಂದು ವೀಡಾ ನಕ್ಕಳು.

ಆರ್ವಲ್ ನಗಲಿಲ್ಲ. "ಮಳೆಗೆ ಮುಂಚೆ ಒಳಗಿನ ಅನಿಲ ಮೇಲೇರಿ ಅದು ಶಿಳ್ಳೆ ಹಾಕುತ್ತೆ ಕಣಮ್ಮ. ಅಯೋನ್ ನೆಲಮಾಳಿಗೆಗೆ ಇಳಿದ ದಿನಾನೂ ಮೋಡ ಕವಿದಿತ್ತು."

ಅಯೋನ್ ಪ್ರೂಯಿಟ್ ನಿನಗೆ ನೆನಪಿರಬೇಕು. ಪೀಚ್ ಹಣ್ಣಿನ ಜಾಡಿ ತರಲು ಇಳಿದು ಬೆಂಕಿಕಡ್ಡಿ ಗೀರಿದಳು, ದಿಬ್ಬದ ಬುಡದ ಅವರ ಮನೆಯೇ ಸಿಡಿದು ಹೋಯಿತು, ಅವಳೂ ಹೋದಳು. ಗಂಡ ಲೂಥರ್ ಕೆಳಗೆ ಪೆಟ್ರೋಲು ಇಟ್ಟಿದ್ದನೆಂದು ಊರೆಲ್ಲ ಆಡಿಕೊಂಡಿತು. ಇಪ್ಪತ್ತೆರಡು ವರ್ಷದಿಂದ ಆತ ಚರ್ಚಿಗೆ ಬಂದಿಲ್ಲ.

ಮೋಡ ಕವಿದಾಗಲೆಲ್ಲ ನಿನ್ನ ಅಪ್ಪ ಜಗಲಿಗೆ ಬಂದು ಆ ದಿಬ್ಬವಿರುವ ಪಡುವಣ ದಿಕ್ಕಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. "ಅಪ್ಪನಿಗೆ ಕಿವಿ ಹೋಗಿದೆ" ಎಂದು ನೀನು ರೇಗಿಸುತ್ತಿದ್ದೆ. ನಾನೂ ನಗುತ್ತಿದ್ದೆ.

ಮರುದಿನ ಬೆಳಿಗ್ಗೆ, ಅಂದರೆ ನಿನ್ನೆ, ಮೂವರೂ ದಿಬ್ಬಕ್ಕೆ ಹೋದೆವು. ಹುಲ್ಲು ಬೆಳೆಯದ ಕಡೆ ಆರ್ವಲ್ ಕಬ್ಬಿಣದ ಸರಳು ಚುಚ್ಚಿದ. ಅನಿಲ ಸೋರುತ್ತಿದೆಯೇ ನೋಡಲು ವೀಡಾ ಅಲ್ಲಿಗೆ ಸೋಪಿನ ನೀರು ಸುರಿದಳು. ಒಂದು ಗುಳ್ಳೆ ಎದ್ದಿತು, ಇನ್ನೊಂದು ಎದ್ದಿತು, ಆಮೇಲೆ ನಿಲ್ಲಲೇ ಇಲ್ಲ. ಯಾರೋ ಕೆಳಗೆ ಮಲಗಿ ಉಸಿರಾಡುತ್ತಿರುವ ಹಾಗಿತ್ತು.

ಅಲ್ಲಿಂದ ಆರ್ವಲ್ ನೇರ ಲೂಥರ್‌ನ ಬಾಗಿಲಿಗೆ ಹೋಗಿ ಟೋಪಿ ತೆಗೆದು ನಿಂತ. ವೀಡಾ ಅವನ ಹಿಂದೆ ಹೋದಳು. ನಾನು ಗಾಡಿಯಿಂದ ಇಳಿಯಲಿಲ್ಲ.

ಆ ಜಮೀನು ಬೇಡ, ಮಗಳೇ.

ನಿನ್ನ ಅಮ್ಮ,
ಓಲೀಟಾ

ಮರೆತ ಮಾತು: ಶಾಯಿ ಹರಡಿಲ್ಲ, ಮಾರ್ಲಾ. ಎರಡನೇ ಸಹಿ ಸ್ಪಷ್ಟವಾಗಿಯೇ ಇದೆ. ನಿನ್ನ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಇರುವುದು ಅದೇ ಕೈಬರಹ. ಬಾವಿ ನಾನು ನೋಡಿರಲಿಲ್ಲ. ನಿನ್ನ ಅಪ್ಪ ಅಡುಗೆಮನೆಗೆ ಕಾಗದ ತಂದರು, ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದೆ. ಇವತ್ತು ಇಲ್ಲಿ ಮೋಡ ಕವಿಯುತ್ತಿದೆ. ಜಗಲಿಯಲ್ಲಿ ಕೂತೇ ಇದನ್ನು ಬರೆದೆ.