ಅಕ್ಕಿಯಮ್ಮನ ಮೊದಲ ಅಕ್ಷರ

ಹದಿನಾರು ಪಕ್ಕದ ಕೊಪ್ಪಲು,
ನಂಜನಗೂಡು ತಾಲ್ಲೂಕು
೨೯–೧೨–೨೦೨೪, ಭಾನುವಾರ

ಪ್ರೀತಿಯ ಕೂಸು ಮೇಘನಾಗೆ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವ? ಧಾರವಾಡದಲ್ಲಿ ಚಳಿ ಜೋರಾಗಿದೆಯಾ? ಶೀತವಾದರೆ ನಿನಗೆ ಮೂಗಿಗಿಂತ ಮೊದಲು ಕಿವಿ ನೋಯುತ್ತದೆ, ಬೆಳಗಿನ ಹೊತ್ತು ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಹೊರಗೆ ಹೋಗಬೇಡ. ಜೋಳದ ರೊಟ್ಟಿ ಒಗ್ಗಿತು ಅಂತ ನಿಮ್ಮಮ್ಮನ ಹತ್ತಿರ ಅಂದೆಯಂತೆ. ಅದನ್ನು ಕೇಳಿ ನಿಮ್ಮಮ್ಮ ಸಾಕಮ್ಮನವರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಮಗಳು ಮುದ್ದೆ ಮರೆತುಬಿಟ್ಟಳು ಅಂತ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನನ್ನ ಮಂಡಿ ನೋವು ಮಾತ್ರ ಹಾಗೇ ಇದೆ, ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ನಿಂತ ಕಾಲು, ಈಗ ಕೂತರೂ ನಂಬುವುದಿಲ್ಲ. ಅಜ್ಜಿಗೆ ದೀಪಾವಳಿ ಕಳೆದ ಮೇಲೆ ಒಂದು ಕಣ್ಣಿನ ಪೊರೆ ತೆಗೆಸಿದೆವು. ಕಟ್ಟು ಬಿಚ್ಚಿದ ದಿನ ನನ್ನ ಮುಖ ನೋಡಿ, ‘ಇದ್ಯಾಕ್ಲಾ ಮಂಟೇಸ, ಇಷ್ಟ್ ಮುದ್ಕ ಆಗ್‌ಬುಟ್ಟಿದ್ದೀಯೆ’ ಅಂದಳು. ಪೊರೆ ಇದ್ದಷ್ಟು ದಿನ ಅವಳ ಕಣ್ಣಿಗೆ ನಾನು ಹುಡುಗನಾಗೇ ಇದ್ದೆ ಅಂತ ಕಾಣುತ್ತದೆ.

ಫೋನು ಇರುವಾಗ ಇದೇನು ಕಾಗದ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನನಗೂ ನಿನಗೂ ‘ಊಟ ಆಯ್ತಾ’, ‘ಆಯ್ತು’ ದಾಟಿ ಮಾತು ಮುಂದಕ್ಕೆ ಹೋಗುವುದಿಲ್ಲ. ಅಷ್ಟರಲ್ಲಿ ನೀನು ‘ಅಮ್ಮಂಗೆ ಕೊಡಪ್ಪ’ ಅನ್ನುತ್ತೀಯ, ನಾನೂ ಸದ್ಯ ಬದುಕಿದೆ ಅಂತ ಕೊಟ್ಟುಬಿಡುತ್ತೇನೆ. ಕಾಗದವನ್ನಾದರೆ ನಡುವೆ ಯಾರೂ ಕಿತ್ತುಕೊಳ್ಳುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಬರೆಯುವಾಗ ನಾನು ಹಕಾರ ಬಿಡುವುದಿಲ್ಲ, ನೋಡಿದೆಯಲ್ಲ? ಕೈಗೆ ಪುರುಸೊತ್ತು ಇರುತ್ತದೆ, ನಾಲಿಗೆಗೆ ಇರುವುದಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳುತ್ತೇನೆ, ನಗಬೇಡ. ರಿಟೈರ್ ಆದಮೇಲೆ ನಾನು ಗೈಡ್ ಆಗಿದ್ದೇನೆ. ನಂಜನಗೂಡಿಗೆ ಬರುವ ಜನ ದೇವಸ್ಥಾನ ನೋಡುತ್ತಾರೆ, ಸೋಮನಾಥಪುರ ನೋಡುತ್ತಾರೆ, ತಲಕಾಡಿನ ಮರಳಿನಲ್ಲಿ ಫೋಟೋ ಹೊಡೆದುಕೊಂಡು ವಾಪಸ್ ಹೊರಡುತ್ತಾರೆ. ಅವರಲ್ಲಿ ನೂರಕ್ಕೊಬ್ಬರು ‘ಇನ್ನೇನಾದ್ರೂ ಇದ್ಯಾ ಇಲ್ಲಿ’ ಅಂತ ಕೇಳುತ್ತಾರಲ್ಲ, ಅಂಥವರನ್ನು ನಿನ್ನ ಚಿಕ್ಕಪ್ಪನ ಮಗ ಸಿದ್ದು ತನ್ನ ಓಮ್ನಿಗೆ ಹತ್ತಿಸಿಕೊಂಡು ನೇರ ನನ್ನ ಹತ್ತಿರ ಬರುತ್ತಾನೆ. ಅವರ ಜೊತೆ ಹೊರಡುವಾಗ ನನ್ನ ಕೈಯಲ್ಲಿರುವುದು ನೀನು ಬಿಟ್ಟುಹೋದ ನೀಲಿ ರಟ್ಟಿನ ನೋಟ್‌ಬುಕ್ಕು. ನಿನ್ನನ್ನು ಕೇಳದೆ ತೆಗೆದುಕೊಂಡೆ, ಬೈಯಬೇಡ. ಮೊದಲ ಪುಟದಲ್ಲಿ ‘ಅಪ್ಪನ ರೂಟಿನಲ್ಲಿ ಯಾರೂ ಇಳಿಯದ ಜಾಗಗಳು’ ಅಂತ ಬರೆದಿದ್ದೀಯ. ಅದನ್ನು ಎಷ್ಟು ಸಲ ಓದಿದ್ದೇನೋ, ಲೆಕ್ಕ ಇಟ್ಟಿಲ್ಲ.

ಆ ಪುಟಗಳನ್ನು ತಿರುವಿದಾಗೆಲ್ಲ ನೀನು ಬಸ್ಸಿನ ಬಾನೆಟ್ ಮೇಲೆ ಟವಲ್ ಹಾಸಿಕೊಂಡು ಕೂತಿದ್ದ ಭಾನುವಾರಗಳೇ ಕಣ್ಣ ಮುಂದೆ ಬರುತ್ತವೆ. ಕಪಿಲಾ ಹೊಳೆಯ ಹಳೇ ಸೇತುವೆ ಬಂದರೆ ನೀನು ಕಮಾನು ಎಣಿಸಲು ಶುರುಮಾಡುತ್ತಿದ್ದೆ, ಅದೇ ಸೇತುವೆ ಮೇಲೆ ಪಕ್ಕದಲ್ಲೇ ಚಾಮರಾಜನಗರದ ರೈಲು ಬಂದುಬಿಟ್ಟರೆ ಎಣಿಕೆ ತಪ್ಪಿ ಅಳುತ್ತಿದ್ದೆ. ನರಸೀಪುರದಲ್ಲಿ ಬಸ್ಸು ನಿಂತ ಅರ್ಧ ಗಂಟೆಯಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಗೆ ಓಡುತ್ತಿದ್ದೆವು. ದೇವರ ಕೈಯಲ್ಲಿ ಗುಲಗಂಜಿ ಯಾಕಿದೆ ಅಂದರೆ, ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಾನು ಹೇಳಿದ್ದೆ. ‘ಯಾರಪ್ಪ ತೂಗಿದ್ದು’ ಅಂತ ಕೇಳಿದೆಯಲ್ಲ. ಬಂದವರಿಗೆಲ್ಲ ಆ ಪ್ರಶ್ನೆಯನ್ನೇ ಹೇಳುತ್ತೇನೆ, ಗುಡಿಗಿಂತ ಅದು ಅವರಿಗೆ ಹೆಚ್ಚು ನೆನಪಿರುತ್ತದೆ. ಹೊಳೆ ದಂಡೆಯ ದಿಬ್ಬದಲ್ಲಿ ಸಾವಿರಾರು ವರ್ಷದ ಹಿಂದಿನ ಜನ ಬಾಳಿದ್ದರು ಅಂತ ಮೇಷ್ಟ್ರು ಹೇಳಿದರೆಂದು ಲಂಗದ ತುಂಬ ಮಡಕೆ ಚೂರು ಕಟ್ಟಿಕೊಂಡು ಬಂದಿದ್ದೆ. ನಿಮ್ಮಮ್ಮ ಅವನ್ನು ಒಯ್ದು ಸೋರೆ ಬಳ್ಳಿಯ ಬುಡಕ್ಕೆ ಸುರಿದಳು. ಆವತ್ತು ನೀನು ಉಣ್ಣಲಿಲ್ಲ, ನಿನ್ನನ್ನು ಸಮಾಧಾನ ಮಾಡಿ ಮಾಡಿ ನಾನೂ ಉಣ್ಣಲಿಲ್ಲ.

ನಿನ್ನ ನೋಟ್‌ಬುಕ್ಕಿನ ಕೊನೆಯ ಪುಟ ನಮ್ಮೂರಿನದು. ನಮ್ಮ ಹೊಂಗೆ ಮರದಡಿಯ ಕಲ್ಲು, ಊರ ಹೆಂಗಸರು ಅಕ್ಕಿ ಸುರಿದು ಪೂಜಿಸುವ ಅಕ್ಕಿಯಮ್ಮ. ಆ ಪುಟಕ್ಕೆ ಬರುವ ಮೊದಲು ನಿನಗೆ ಎಂದೂ ಹೇಳದ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಕಂಡಕ್ಟರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ, ಪಕ್ಕದೂರು ಹದಿನಾರು ಬಂದಾಗ, ‘ಅದಿನಾರು, ಅದಿನಾರು ಇಳೀರಿ’ ಅಂತ ಕೂಗಿದೆ. ಮುಂದೆ ಕೂತಿದ್ದ ಪ್ಯಾಂಟಿನವರೊಬ್ಬರು ಸೀಟಿನ ನಂಬರು ನೋಡಿಕೊಂಡು, ‘ನಂದು ಹದಿನಾಲ್ಕು ಕಣ್ರೀ, ನಾನ್ಯಾಕೆ ಇಳೀಲಿ’ ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಅದು ಡಿಪೋಗೂ ಮುಟ್ಟಿತು. ಆಮೇಲೆ ಎಷ್ಟೋ ವರ್ಷ ನಾನು ಕ್ಯಾಂಟೀನಿಗೆ ಹೋದರೆ ಯಾರಾದರೂ ‘ಅದಿನಾರು ಬಂದ, ಟೀ ಕೊಡಿ’ ಅನ್ನುತ್ತಿದ್ದರು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹ, ಹಾ, ಹಿ ಅಂತ ಅಭ್ಯಾಸ ಮಾಡಿದ್ದೂ ಉಂಟು. ಕನ್ನಡಿ ಮುಂದೆ ಬರುತ್ತಿತ್ತು, ಬಸ್ಸು ಹತ್ತಿದರೆ ಎಲ್ಲೋ ಇಳಿದುಹೋಗುತ್ತಿತ್ತು. ಅದಕ್ಕೇ ನಿನ್ನನ್ನು ಓದಿಸಬೇಕು, ನನ್ನ ಮಗಳ ಬಾಯಿ ಕೇಳಿ ಯಾರೂ ನಗಬಾರದು ಅಂತ ಹಟ ಹಿಡಿದೆ.

ಬರುವ ಸಂಕ್ರಾಂತಿಗೆ ಮೂರು ವರ್ಷವಾಗುತ್ತದೆ. ನೀನು ಧಾರವಾಡದಿಂದ ನಿನ್ನ ಹಾಗೇ ಶಾಸನ ಓದುವ ಜೊತೆಯವರು ಮೂವರನ್ನು ಕರೆದುಕೊಂಡು ಬಂದೆ. ಅಕ್ಕಿಯಮ್ಮನ ಮೇಲೆ ಕೂತಿದ್ದ ಎಣ್ಣೆ, ಅರಿಶಿನದ ಮಡ್ಡಿಯನ್ನು ನೀರು ಹಾಕಿ, ಬ್ರಷ್ಷಿನಲ್ಲಿ ಮೆಲ್ಲಗೆ ತೊಳೆದೆ. ಗಂಡನ ಜೊತೆ ಚಿತೆ ಏರಿದ ಯಾವಳೋ ತಾಯಿಯ ನೆನಪಿಗೆ ನೆಟ್ಟ ಮಾಸ್ತಿಕಲ್ಲು ಇದು ಅಂತ ಹೇಳಿದೆ. ಎತ್ತಿದ ಕೈ, ಕೈತುಂಬ ಬಳೆ, ಆ ಕೈ ಮೇಲೆ ಒಂದು ಗಿಳಿ. ನಾವು ಯಾರೂ ಆ ಗಿಳಿಯನ್ನು ಕಂಡೇ ಇರಲಿಲ್ಲ. ಅಷ್ಟು ಹೊತ್ತಿಗೆ ಅಜ್ಜಿ ಹೊಸ ಭತ್ತದ ಅಕ್ಕಿ ತುಂಬಿದ ಮೊರ ಹಿಡಿದು ಊರ ಹೆಂಗಸರ ಜೊತೆ ಬಂದಳು. ನೀನು ಸಂತೋಷ ತಡೆಯಲಾರದೆ, ‘ಅಜ್ಜಿ, ಇವಳು ಅಕ್ಕಿಯಮ್ಮ ಅಲ್ಲ, ಹಕ್ಕಿಯಮ್ಮ. ನಾವು ಹ ನುಂಗಿ ನುಂಗಿ ಹಕ್ಕಿಗೆ ಅಕ್ಕಿ ಅಂದ್ಕೊಂಡು ಇಷ್ಟು ಕಾಲ ಅಕ್ಕಿ ಸುರಿದಿದ್ದೀವಿ’ ಅಂದೆ. ನಿನ್ನ ಜೊತೆಯವರು ನಕ್ಕರು. ಕೆಟ್ಟ ನಗುವಲ್ಲ ಅದು, ಈಗ ಗೊತ್ತಾಗುತ್ತದೆ. ಅಜ್ಜಿ ಮೊರ ಇಳಿಸಲೂ ಇಲ್ಲ, ಎತ್ತಲೂ ಇಲ್ಲ. ‘ಅಂಗಾರೆ ಅರವತ್ತು ವರ್ಸದಿಂದ ನಾ ಆಕಿದ್ ಅಕ್ಕಿ ಯಾರ್ಗೆ ಓಯ್ತವ್ವಾ’ ಅಂತ ಕೇಳಿದಳು.

ನನ್ನ ಕಿವಿಗೆ ಮಾತ್ರ ಆ ಹಳೇ ಬಸ್ಸಿನ ನಗುವೇ ಕೇಳಿಸಿತು. ನಾಲಿಗೆಗೆ ಲಗಾಮು ಇಲ್ಲದೆ, ‘ನಾಲ್ಕಕ್ಸರ ಕಲ್ತು ನಮ್ ಬಾಯಿ ತಿದ್ದಾಕ್ ಬಂದ್ಯಾ? ನಮ್ ಮಾತು ನಾಚ್ಕೆ ಆದ್ರೆ ಈ ಮನೇಲ್ ಇರ್ಬ್ಯಾಡ, ಓಗು’ ಅಂದುಬಿಟ್ಟೆ. ನಿನ್ನ ಸ್ನೇಹಿತರ ಎದುರಿಗೇ ಅಂದೆ. ನೀನು ಚೀಲ ತೆಗೆದುಕೊಂಡು ಹೊರಟೆ, ನೋಟ್‌ಬುಕ್ಕು ಹೊಂಗೆ ಬುಡದಲ್ಲೇ ಉಳಿಯಿತು. ಆಮೇಲೆ ಒಂದು ವರ್ಷ ಪರೀಕ್ಷೆ, ಇನ್ನೊಂದು ವರ್ಷ ಶಾಸನದ ಕೆಲಸ ಅಂದೆ. ಹೋದ ಯುಗಾದಿಗೆ ಮೈಸೂರಿನವರೆಗೂ ಬಂದು, ಬಸ್ ಸ್ಟ್ಯಾಂಡಿನಲ್ಲೇ ಅಮ್ಮನನ್ನು ನೋಡಿ ಪೇಡ ಕೊಟ್ಟು ತಿರುಗಿ ಹೋದೆ. ಬಸ್ ಸ್ಟ್ಯಾಂಡಿನಲ್ಲೇ ಆಯಸ್ಸು ಕಳೆದವನಿಗೆ ಅದು ಎಷ್ಟು ನೋವಾಯಿತು ಅಂತ ಬರೆಯಲು ಬರುವುದಿಲ್ಲ. ಪೇಡ ಮಾತ್ರ ತಿಂದೆ.

ಈಗ ನೋಡು, ಪಂಚಾಯಿತಿಯವರಿಗೆ ಅಕ್ಕಿಯಮ್ಮನ ಹತ್ತಿರ ಒಂದು ಬೋರ್ಡು ಹಾಕಿಸಬೇಕಂತೆ, ಬರುವ ಪ್ರವಾಸಿಗರಿಗೆ ಗೊತ್ತಾಗಲಿ ಅಂತ. ಸಂಕ್ರಾಂತಿ ಹೊತ್ತಿಗೆ ನಿಲ್ಲಿಸಬೇಕು. ಏನಂತ ಬರೆಸುವುದು ಅನ್ನುವುದಕ್ಕೆ ಊರು ಎರಡು ಪಾಲಾಯಿತು. ಓದಿದ ಹುಡುಗರೆಲ್ಲ ಹಕ್ಕಿಯಮ್ಮ, ವಯಸ್ಸಾದವರೆಲ್ಲ ಅಕ್ಕಿಯಮ್ಮ. ವಯಸ್ಸಾದವರು ಯಾವುದನ್ನು ಅಂದರೂ ಕೇಳುವುದಕ್ಕೆ ಒಂದೇ ಥರ ಇರುತ್ತಿತ್ತು, ಅದರಿಂದ ಜಗಳ ಇನ್ನೂ ಕಷ್ಟವಾಯಿತು. ಕೊನೆಗೆ, ಗೈಡ್ ಆಗಿರುವವನು ಮಂಟೇಸ್ವಾಮಿ, ಅವನೇ ಹೇಳಲಿ ಅಂತ ನನ್ನ ತಲೆಗೆ ಕಟ್ಟಿದರು.

ಹೋದ ವಾರ ಶಿವಮೊಗ್ಗದ ಕಡೆಯ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಮುಡುಕುತೊರೆ ಬೆಟ್ಟ ಹತ್ತಿ, ಕಾವೇರಿ ತಿರುಗುವುದನ್ನು ನೋಡಿ, ಸಂಜೆ ನಾಲ್ಕಕ್ಕೆ ನಮ್ಮೂರಿಗೆ ಬಂದರು. ಅಜ್ಜಿಯೂ ಕೋಲೂರಿಕೊಂಡು ಹೊಂಗೆ ಮರದ ಹತ್ತಿರ ಬಂದಳು. ನೀನು ಹೋದಮೇಲೆ ಅವಳು ಅಕ್ಕಿ ಹಾಕುವುದನ್ನೇ ಬಿಟ್ಟಿದ್ದಳು, ಇದನ್ನು ನಿನಗೆ ಯಾರೂ ಹೇಳಿರಲಿಲ್ಲ. ಆವತ್ತು ಆ ಹೆಂಗಸು, ‘ಹೆಂಗ್ ಹಾಕ್ತಿದ್ರಿ ಅಜ್ಜಿ, ತೋರ್ಸಿ’ ಅಂತ ಕೇಳಿದ್ದಕ್ಕೆ ಮಡಿಲಿನಿಂದ ಒಂದು ಹಿಡಿ ತೆಗೆದು ಕಲ್ಲಿನ ಮುಂದೆ ಚೆಲ್ಲಿದಳು. ಬಿಟ್ಟವಳ ಮಡಿಲಿನಲ್ಲಿ ಅಕ್ಕಿ ಯಾಕಿತ್ತು ಅಂತ ನಾನು ಕೇಳಲಿಲ್ಲ. ನಾವೆಲ್ಲ ಸ್ವಲ್ಪ ದೂರ ಹೋಗಿ ಕಟ್ಟೆಯ ಮೇಲೆ ಕೂತೆವು. ಯಾವಾಗಲೂ ಅಕ್ಕಿ ಹಾಕಿ, ಕೈ ಮುಗಿದು ಮನೆ ಕಡೆ ನಡೆಯುವವರೇ ನಾವು, ಯಾವತ್ತೂ ಹಾಗೆ ಕೂತವರಲ್ಲ. ಮೊದಲು ಎರಡು ಗುಬ್ಬಿ ಬಂದವು. ಆಮೇಲೆ ಗೊರವಂಕ, ಬೆಳವ, ಆಮೇಲೆ ಗದ್ದೆ ಕಡೆಯಿಂದ ಗಿಳಿಗಳು. ಒಂದು ಗಿಳಿ ಕಲ್ಲಿನ ನೆತ್ತಿಯ ಮೇಲೇ ಕೂತಿತು. ಅಜ್ಜಿ ಆ ಹೊಸ ಕಣ್ಣಿನಲ್ಲಿ ಕಲ್ಲಿನ ಗಿಳಿಯನ್ನೂ ನೋಡಿದಳು, ಜೀವದ ಗಿಳಿಯನ್ನೂ ನೋಡಿದಳು. ನೋಡಿ ನೋಡಿ ನನ್ನ ತೊಡೆ ತಟ್ಟಿ, ‘ಯಾರ್ಗ್ ಓಯ್ತು ಅಂತಿದ್ನಲ್ಲ ಮಂಟೇಸ, ಅಕ್ಕಿ ಎಲ್ಲ ಅಕ್ಕಿಗೇ ಓಗ್ಯದೆ ಕಣ್ಲಾ. ಮ್ಯಾಗ್ನ ಅಂದಿದ್ದು ದಿಟ. ಕೂಸ್ಗೆ ಯೋಳ್‌ಬುಡು’ ಅಂದಳು. ಅವಳ ಬಾಯಲ್ಲಿ ಎರಡೂ ಒಂದೇ ಮಾತು ನೋಡು, ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಕಣ್ಣಿಗೆ ಹೊಂಗೆ ಹೂವಿನ ಧೂಳು ಬಿತ್ತು ಅಂದೆ, ಈ ಕಾಲದಲ್ಲಿ ಹೊಂಗೆ ಹೂ ಬಿಡುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು.

ಕಾಗದ ಉದ್ದವಾಯಿತು, ನಿನ್ನ ಓದಿಗೆ ತೊಂದರೆ ಮಾಡಿದೆ. ಅಮ್ಮ ಹುರುಳಿ ಹಪ್ಪಳ ಒಣಗಿಸಿ ಡಬ್ಬಿಗೆ ತುಂಬಿದ್ದಾಳೆ, ಕಳಿಸುವುದೋ ಇಟ್ಟುಕೊಂಡಿರುವುದೋ ಅಂತ ಕೇಳಿದಳು. ನಿನ್ನ ಮೇಷ್ಟ್ರಿಗೆ, ಆವತ್ತು ನಮ್ಮನೆಯಲ್ಲಿ ಊಟ ಮಾಡದೆ ಹೋದ ಆ ಮೂವರಿಗೆ ನನ್ನ ನಮಸ್ಕಾರ ತಿಳಿಸು. ಅಕ್ಕಿಯಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ಮಂಟೇಸ್ವಾಮಿ

ಮರೆತಿದ್ದೆ: ಸಿದ್ದು ಪೋಸ್ಟಿಗೆ ಹಾಕಲು ಓಮ್ನಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಪೇಂಟರ್ ರಾಜು ಬೋರ್ಡು ಬರೆದು ಮುಗಿಸಿದ್ದಾನೆ. ಮೊದಲ ಅಕ್ಷರದ ಜಾಗ ಖಾಲಿ ಬಿಡಿಸಿದ್ದೇನೆ, ಈಗ ಅದರಲ್ಲಿ ‘ಕ್ಕಿಯಮ್ಮ’ ಅಂತ ಮಾತ್ರ ಇದೆ. ಊರವರೆಲ್ಲ ನನಗೆ ತಲೆ ಕೆಟ್ಟಿದೆ ಅನ್ನುತ್ತಿದ್ದಾರೆ. ಬಿಳಿ ಬಣ್ಣದ ಡಬ್ಬಿ, ಬ್ರಷ್ಷು ಎರಡೂ ನಮ್ಮ ಹಜಾರದಲ್ಲಿವೆ. ಸಂಕ್ರಾಂತಿಗೆ ನೀನು ಬಂದು ಬರೆ. ಅ ಬರೆದರೂ ಸರಿ, ಹ ಬರೆದರೂ ಸರಿ, ನಾನು ಏನೂ ಅನ್ನುವುದಿಲ್ಲ. ಆವತ್ತು ತಪ್ಪು ನನ್ನದೇ ಕೂಸೇ. ‘ಹೋಗು’ ಅನ್ನುವುದು ನನ್ನ ಬಾಯಲ್ಲಿ ಯಾವತ್ತೂ ಸರಿಯಾಗಿ ಬಂದಿಲ್ಲ. ‘ಬಾ’ ಅನ್ನುವುದು ಸರಿಯಾಗಿ ಬರುತ್ತದೆ. ಬಾ.