ಅಪ್ಪನ ಸ್ವೆಟರಿನ ಗೊಂಬಿ

ಖಾನಾಪುರ
2-1-2001

ಅಣ್ಣಗ ಪ್ರಮಿಳಾನ ಶರಣು.

ನಿನ್ನೆ ಎಸ್‌ಟಿಡಿ ಬೂತಿನಿಂದ ನಿನ್ನ ಹಿಂದವಾಡಿ ಮನಿಗೆ ಫೋನ್ ಮಾಡಿದ್ದೆ. ನಿನ್ನ ಮಗಳು ಮೇಘಾ ಎತ್ತಿದಳು. "ಅತ್ತೀ, ಎಲ್ಲಾರ ಓಲ್ಡ್ ಮ್ಯಾನ್‌ಕಿಂತ ನೀ ಹೆಣದು ಕಳಿಸಿದ್ದ ಚಲೋ ಉರೀತು!" ಅಂದಳು.

ವರ್ಷದ ಕಡೀ ದಿನ ಅಲ್ಲಿ ನೀವು ಓಲ್ಡ್ ಮ್ಯಾನ್ ಅಂತ ಮುದುಕನ ಗೊಂಬಿ ಮಾಡಿ ಸುಡತೀರಿ ಅಂತ ನಮಗ್ಯಾರು ಹೇಳಿದ್ರು? ಬಿಳೀ ಗಡ್ಡ ಇರಬೇಕು, ಒಳಗ ಕೈ ಹಾಕಿ ಕುಣಿಸೂ ಹಂಗ ಇರಬೇಕು ಅಂದಿತ್ತು ಹುಡುಗಿ. ಆಡಾಕ ಅಂತ ತಿಳಕೊಂಡ್ವಿ.

ಉಲ್ಲನ್ ಯಾವುದು ಗೊತ್ತೇನು? ಅಪ್ಪ ತೀರಿಕೊಂಡ ಮ್ಯಾಲ ಅವ್ವ ಯಾರಿಗೂ ಮುಟ್ಟಾಕ ಕೊಡದ ಹಸರು ಸ್ವೆಟರ್. "ಮೊಮ್ಮಗಳ ಕೈಯಾಗರ ಇರಲಿ" ಅಂತ ತಾನ ಟ್ರಂಕಿನಿಂದ ತಗದು ಬಿಚ್ಚಿದಳು. ಗೊಂಬಿ ಕಣ್ಣಿಗೆ ಹಚ್ಚಿದ್ದೂ ಆ ಸ್ವೆಟರಿನ ಹಿತ್ತಾಳಿ ಗುಂಡಿ. ಹುಡುಗಿಗೇನು ತಿಳೀತದ, ಬೈಯಬ್ಯಾಡ. ಆದರ ಬೆಂಕಿ ಹಚ್ಚೂಮುಂದ ನೀನೂ ಅಲ್ಲೇ ಇದ್ದೆಂತ. ಆ ಬಣ್ಣ ನಿನಗೂ ಗುರ್ತ ಸಿಗಲಿಲ್ಲೇನು?

ಬೂದ್ಯಾಗ ಗುಂಡಿ ಸಿಕ್ಕರ ಎತ್ತಿಡು.

ಬೂತಿನ್ಯಾಗ ಅವ್ವ ನನ್ನ ಬಾಜೂಕ ನಿಂತಿದ್ದಳು. "ಏನಂದಳ?" ಅಂತ ಕೇಳಿದಳು. "ಭಾಳ ಸೇರೇತಂತ" ಅಂದೆ. ಮತ್ತೇನು ಹೇಳಲಿ?

ಇವತ್ತ ಮುಂಜಾನಿಂದ ಅವ್ವ ತನ್ನ ಸ್ವೆಟರ್ ಬಿಚ್ಚಾಕ ಕುಂತಾಳ. ಆ ಮುದುಕ ಅಲ್ಲಿ ಒಬ್ಬನ ಇರಬಾರದಂತ, ಜೋಡಿಗೆ ಒಂದು ಮುದುಕಿ ಬೇಕಂತ. ಒಂದು ತೋಳು ಆಗಲೇ ಬಿಚ್ಚಿ ಆತು.

ಐತವಾರ ಬಾ. ಅವ್ವಗ ನೀನ ಹೇಳು.

ನಿನ್ನ ತಂಗಿ,
ಪ್ರಮಿಳಾ