ಹಸಿರು ಬಳೆಯ ಅಳತೆ

ಚಳ್ಳಕೆರೆ, ಬುಧವಾರ

ಕೊಂಡ್ಲಹಳ್ಳಿಯ ಬೀಗಿತ್ತಿ ಪಾಪಕ್ಕನವರಿಗೆ ತಳಕಿನ ಬೋರಕ್ಕ ಮಾಡುವ ನಮಸ್ಕಾರ.

ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡಲಿಲ್ಲ. ಅದಕ್ಕೇ ಬರೆದು ಮಗ ಎರ್ರಿಸ್ವಾಮಿಯ ಕೈಲಿ ಕಳಿಸುತ್ತಿದ್ದೇನೆ. ಹೌದು, ಸೀಮಂತದಲ್ಲಿ ನೀವು ತೊಡಿಸಿದ ಹಸಿರು ಬಳೆಗಳನ್ನು ಒಡೆದವಳು ನಾನೇ. ಹೆರಿಗೆಗೆ ಮೊದಲು ಒಡೆಯಬಾರದೆಂದು ನನಗೂ ಗೊತ್ತು. ಆದರೆ ಕಾವ್ಯಳ ಕೈ ಊದಿಕೊಂಡು ಬಳೆ ಮಾಂಸಕ್ಕೆ ಕಚ್ಚಿಕೊಂಡಿತ್ತು. ಸೋಪು ಹಚ್ಚಿದರೂ ಜಾರಲಿಲ್ಲ.

ಮೊನ್ನೆ ಫೋಟೋ ನೋಡಿ, "ಮಗಳ ಮುಖ ತುಂಬ್ಕೊಂಡೈತೆ, ಕಳೆ ಬಂದೈತೆ ಕಣ್ರಿ" ಎಂದು ಹಿಗ್ಗಿದಿರಲ್ಲ, ಅದು ಕಳೆಯಲ್ಲ, ಬಾವು. ಬಿಪಿ ಏರಿದೆ. ನಿನ್ನೆ ಒಲೆಯ ಮುಂದೆ ನಿಂತವಳು "ಅತ್ತೆ, ಕಣ್ಣು ಮಂಜಾಗ್ತೈತೆ" ಎಂದಳು. ಆಗಲೇ ಆಸ್ಪತ್ರೆಗೆ ಕರೆತಂದೆ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಬಹುದು ಎಂದಿದ್ದಾರೆ ಡಾಕ್ಟರಮ್ಮ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಶುಕ್ರವಾರ ಕಾರು ಕಳಿಸಬೇಡಿ. ಕಳಿಸಿದರೆ ಖಾಲಿಯೇ ವಾಪಸ್ಸು ಬರುತ್ತದೆ. ನನ್ನನ್ನು ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ, ವಾರ್ಡಿನ ಹೊರಗೆ ನಿಂತು ಕೇಳಿಸಿಕೊಳ್ಳುತ್ತೇನೆ. ಅವಳ ಮುಂದೆ ಮಾತ್ರ ಅಳಬೇಡಿ.

ಎರ್ರಿಸ್ವಾಮಿಯ ಜೊತೆಗೇ ಹೊರಟು ಬನ್ನಿ. ಹಳೆಯ ಮೆತ್ತನೆಯ ಸೀರೆಗಳನ್ನು ತನ್ನಿ. ರಕ್ತ ಬೇಕಾಗಬಹುದು, ನಿಮ್ಮ ಮಗ ಮಾರುತೇಶನೂ ಬರಲಿ.

ಹಸಿರು ಬಳೆಯನ್ನೂ ತನ್ನಿ. ದೊಡ್ಡದು ಬೇಡ. ಅವಳ ಹಳೆಯ ಅಳತೆಯದೇ ತನ್ನಿ.

ನಿಮ್ಮ ಹಾದಿ ಕಾಯುತ್ತಿರುವ,
ಬೋರಕ್ಕ